ದೊಡ್ಡವ್ವನ ಕೇಸು ಬಾದಾಮಿ ಬಿಟ್ಟದ್ದು

ಬಾದಾಮಿ ಕೋರ್ಟಿನಲ್ಲಿ ನಮ್ಮ ಕೇಸು ಬಿದ್ದುಹೋದ ದಿನ ನಾನು ಮೆಟ್ಟಿಲ ಮೇಲೆ ಕೂತು ನಕ್ಕೆ. ಮುಗುಳುನಗೆಯಲ್ಲ, ಹೊಟ್ಟೆ ಹಿಡಿದುಕೊಂಡು, ಮೂಗಿನಲ್ಲಿ ನೀರು ಬರುವ ಹಾಗೆ ನಕ್ಕೆ. ಕರಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಹೊರಗೆ ಬಂದ ನಮ್ಮ ವಕೀಲರು ನನ್ನನ್ನು ನೋಡಿ ಎರಡು ಮೆಟ್ಟಿಲು ಮೇಲೆಯೇ ನಿಂತುಬಿಟ್ಟರು.

"ತಂಗೀ, ನಾವು ಗೆದ್ದಿಲ್ಲ," ಎಂದರು ಮೆಲ್ಲಗೆ. "ದಾವಾ ವಾಪಸ್ ಕೊಟ್ಟಾರ. ಈ ಕೋರ್ಟಿಗೆ ಇದು ಬರೂದಿಲ್ಲಂತ."

"ಗೊತ್ತಾತ್ರಿ," ಎಂದು ಮತ್ತೆ ನಕ್ಕೆ.

ಕೇಸು ಯಾರದೋ ಅವಳು, ನನ್ನ ಅವ್ವನ ಅಕ್ಕ, ನನ್ನ ದೊಡ್ಡವ್ವ, ಎದುರಿನ ಬೇವಿನ ಗಿಡದ ಕೆಳಗೆ ಊರುಗೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೂತಿದ್ದಳು. ಅಲ್ಲಿಂದಲೇ ಕೂಗಿದಳು: "ವಕೀಲ್ ಸಾಹೇಬ್ರ, ಅಕಿಗೆ ಬಿಸಲು ತಲಿಗೇರೇತಿ. ಮೊದಲ ಒಂದು ಸೋಡಾ ಕುಡಸ್ರಿ. ಕೇಸಿಂದು ಆಮ್ಯಾಲೆ ನೋಡೂಣು."

ವಕೀಲರು ಸೋಡಾ ತರಿಸಿದರು. ಅವರಿಗೂ ಒಂದು ಬೇಕಾಗಿತ್ತು. ನಾನು ಏಕೆ ನಕ್ಕೆನೆಂದು ಆ ದಿನ ಯಾರಿಗೂ ಹೇಳಲಿಲ್ಲ. ಆ ಬೆಳಿಗ್ಗೆ ಸಾಕ್ಷಿ ಹೇಳಬೇಕಾಗಿದ್ದವಳು ನಾನು. ಇನ್ನು ಐದು ನಿಮಿಷ ತಡವಾಗಿದ್ದರೆ ಕಟಕಟೆಯಲ್ಲಿ ನಿಂತು ಒಂದೋ ಸುಳ್ಳು ಹೇಳಬೇಕಾಗಿತ್ತು, ಇಲ್ಲವೇ ದೊಡ್ಡವ್ವನ ಕೇಸನ್ನು ನನ್ನ ಬಾಯಿಂದಲೇ ಮುಳುಗಿಸಬೇಕಾಗಿತ್ತು. ಐದು ನಿಮಿಷ ಮುಂಚೆ ಕೇಸೇ ಆ ಕೋರ್ಟಿನದಲ್ಲ ಎಂದಾಯಿತು. ನಗದೆ ಏನು ಮಾಡಲಿ?

ನಡೆದದ್ದು ಇಷ್ಟು. ಬಾದಾಮಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಕೂಸಿನ ತೊಟ್ಟಿಲ ಕಾರ್ಯವಿತ್ತು. ನಾನೂ ದೊಡ್ಡವ್ವನೂ ಹೋಗಿದ್ದೆವು. ಹೊರಡುವಾಗ ಆ ಮನೆಯವರು ನಮ್ಮಿಬ್ಬರಿಗೂ ಉಡಿ ತುಂಬಿದರು. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸುವುದಿಲ್ಲ. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಜೊತೆಗೆ ಕುಬಸ, ಅಂದರೆ ರವಿಕೆ, ಹೊಲಿಸಲೆಂದು ಒಂದು ಖಣದ ತುಂಡು ಹಾಕಿ ಕಳಿಸುತ್ತಾರೆ. ಖಣವೆಂದರೆ ದೊಡ್ಡವ್ವನ ಜೀವನ. ಅವಳು ಗುಳೇದಗುಡ್ಡದವಳು. ಮದುವೆಯಾಗಿ ಹೋದ ವರ್ಷದಿಂದ ನೆಲದ ಕುಣಿಯಲ್ಲಿ ಕಾಲಿಳಿಸಿ ತುಳಿಯುವ ಕುಣಿಮಗ್ಗದಲ್ಲಿ ಕೂತು ಖಣ ನೇಯ್ದವಳು. ಬೇರೆಯವರು ಕೊಟ್ಟ ಖಣವನ್ನು ಅವಳು ನೋಡುವ ರೀತಿ, ಹಳೆಯ ಗಣಿತದ ಮಾಸ್ತರರು ಹುಡುಗರ ಪಾಟಿ ನೋಡುತ್ತಿದ್ದ ರೀತಿ.

ಬಾದಾಮಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಆ ಖಣದ ಒಂದು ಮೂಲೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ನೇರಳೆ ಬಣ್ಣ, ಗಿಳಿ ಹಸಿರಿನ ಅಂಚು, ಮೈತುಂಬ ಸಣ್ಣ ಸಣ್ಣ ಆನೆಗಳು.

"ಇಲ್ನೋಡ, ಇಲ್ನೋಡ," ಎಂದಳು. "ಆನಿಗೆ ಎಷ್ಟು ಕಾಲ ಅದಾವ ಎಣಿಸು."

ಎಣಿಸಿದೆ. ಐದು.

"ಸೊಂಡಿಲು ಬಿಟ್ಟು?"

"ಸೊಂಡಿಲು ಬಿಟ್ಟು."

"ಮಷೀನ್ ಆನಿ," ಎಂದಳು ದೊಡ್ಡವ್ವ, ಭಾರೀ ತೃಪ್ತಿಯಿಂದ. "ಡಿಸೈನಿನ ರಟ್ಟಿನ್ಯಾಗ ಒಂದು ತೂತು ತಪ್ಪಿ ಹೊಡದಾನ, ಊರ ತುಂಬ ಐದು ಕಾಲಿನ ಆನಿ ಬಿಟ್ಟಾನ. ಇದನ್ನ ಯಾವಾಕಿ ಹೊಲಿಸಿ ತೊಡತಾಳ?"

ಆಮೇಲೆ ನಾನು ಹೋಗಿ ನಮ್ಮೂರಿಗೆ ಟಿಕೆಟ್ ತೆಗೆಸಿಕೊಂಡು ಬಂದೆ. ಬಾದಾಮಿಯಿಂದ ಬಾಗಲಕೋಟೆಗೆ, ದೊಡ್ಡವರು ಇಬ್ಬರು, ಒಂದೇ ಚೀಟಿ. ಅದನ್ನು ಪರ್ಸಿಗೆ ಹಾಕಿಕೊಳ್ಳುವಷ್ಟರಲ್ಲಿ ದೊಡ್ಡವ್ವ ಕಸಿದುಕೊಂಡಳು. "ನಿನ್ನ ಕಡೆ ಬ್ಯಾಡ. ಸಾಲ್ಯಾಗ ದಿನಾ ಚಾಕ್‌ಪೀಸ್ ಕಳಕೊಳ್ಳಾಕಿ ನೀ." ಟಿಕೆಟ್ಟನ್ನು ಖಣದ ಮಡಿಕೆಯೊಳಗೆ ಸೇರಿಸಿ, ಖಣವನ್ನು ಚೀಲದಲ್ಲಿ ಇಟ್ಟಳು. ಅವಳ ಲೆಕ್ಕದಲ್ಲಿ ಉಡಿಯಲ್ಲಿ ಬಂದದ್ದು ಕಳೆಯುವುದಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಚಾಕ್‌ಪೀಸ್ ಕಳೆಯುವುದು ನಿಜ.

ರೈಲು ಬಂತು. ಜನ ಬಹಳ. ಮುಂದಿನ ಡಬ್ಬಿಯಲ್ಲಿ ಸೀಟು ಸಿಗುತ್ತದೆ ಎಂದು ದೊಡ್ಡವ್ವ ಮುಂದೆ ಮುಂದೆ ಹೋದಳು, ಅವಳ ಹಿಂದೆ ನಾನು. ಎರಡು ಡಬ್ಬಿ ದಾಟಿದೆವು. ಮೂರನೆಯದರ ಬಾಗಿಲಿನ ಸರಳಿಗೆ ದೊಡ್ಡವ್ವ ಕೈ ಹಾಕಿದಳು. ಆಗ ರೈಲು ಮೆಲ್ಲಗೆ ಅಲುಗಿತು, ಹೊರಟಿತು.

"ಹತ್ತಬೇ, ಹತ್ತು! ಲಗೂನ!" ಎಂದು ಕೂಗಿದೆ ನಾನು.

ಬಿಡು ಎನ್ನಬೇಕಾಗಿತ್ತು. ಮುಂದಿನ ಗಾಡಿಗೆ ಹೋಗೋಣ ಎನ್ನಬೇಕಾಗಿತ್ತು. ಹತ್ತು ಎಂದೆ. ಅವಳ ಎಡಗಾಲು ಮೆಟ್ಟಿಲಿಗೆ ತಾಗಿ ಜಾರಿತು. ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದಿಯೊಳಗೆ ದೊಡ್ಡವ್ವ ಸೊಂಟದ ತನಕ ಇಳಿದುಬಿಟ್ಟಳು. ನನ್ನ ಕೈಗೆ ಸಿಕ್ಕಿದ್ದು ಅವಳ ಇಳಕಲ್ ಸೀರೆಯ ಸೆರಗು. ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಬಿದ್ದೆ. ಬಿದ್ದವಳು ಬಿಡಲಿಲ್ಲ. ಯಾರೋ ಸರಪಳಿ ಎಳೆದರು. ರೈಲು ನಿಂತಿತು. ನಾನು ಕೂಗಿದ್ದರಿಂದ ಸೆರಗು ಕೈಗೆ ಸಿಗುವ ತನಕ ಬರೀ ಮೂರು ಸೆಕೆಂಡು. ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಮ್ಮೆ ಒಂಬತ್ತನೆಯ ತರಗತಿಗೆ ವೇಗದ ಪಾಠ ಮಾಡುತ್ತ, ಹಲಗೆಯ ಮೇಲೆ ರೈಲು ಬರೆದು, ಪ್ಲಾಟ್‌ಫಾರ್ಮ್ ಬರೆದು, ನಡುವಿನ ಸಂದಿ ಬರೆದು, ಅಲ್ಲೇ ಕೈ ನಿಂತುಬಿಟ್ಟಿತ್ತು. ಒಬ್ಬ ಹುಡುಗಿ "ಟೀಚರ್, ದೂರ ಎಷ್ಟ್ರಿ?" ಎಂದು ಕೇಳಿದಾಗ ಎಚ್ಚರವಾಯಿತು.

ಜೀವ ಉಳಿಯಿತು. ಎಡಗಾಲಿನ ಮೂರು ಬೆರಳು ಹೋದವು, ಪಾದದ ಮುಂಭಾಗದ ಬಲ ಹೋಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಎಚ್ಚರವಾದ ಕೂಡಲೇ ದೊಡ್ಡವ್ವ ಕೇಳಿದ ಮೊದಲ ಮಾತು: "ಎಡಗಾಲೋ ಬಲಗಾಲೋ?" ಎಡಗಾಲು ಎಂದೆ. ಮುಖ ಆ ಕಡೆ ತಿರುಗಿಸಿದಳು. ಮಗ್ಗದ ಕುಣಿಯಲ್ಲಿ ತುಳಿಯುವ ಹಲಗೆಗಳಿಗೆ ಎರಡೂ ಕಾಲು ಬೇಕು, ಎಡಗಾಲಿಗೆ ಕೆಲಸ ಹೆಚ್ಚು. ಕಾಲು ತುಳಿಯದೆ ನಡೆಯುವಂತೆ ಮಗ್ಗಕ್ಕೆ ಒಂದು ಸಣ್ಣ ಮೋಟರು ಕೂಡಿಸಬಹುದೆಂದು ನೆರೆಮನೆಯ ನೇಕಾರರು ಹೇಳಿದರು. ರೈಲ್ವೆಯಿಂದ ಪರಿಹಾರ ಬಂದರೆ ಅದಾಗುತ್ತಿತ್ತು. ಬರದಿದ್ದರೆ ದೊಡ್ಡವ್ವ ಮಗ್ಗ ಬಿಚ್ಚಿ ಮಾರಬೇಕು. ಕೇಸು ಹಾಕಿದ್ದು ಅದಕ್ಕೆ, ಬೇರೆ ಯಾವುದಕ್ಕೂ ಅಲ್ಲ.

ನಮ್ಮ ವಕೀಲರು ಬಾದಾಮಿಯವರು, ಒಳ್ಳೆಯವರು. ಬಸ್ಸು, ಟ್ರ್ಯಾಕ್ಟರು, ಟಂಟಂ, ಇವು ಗುದ್ದಿದ ಕೇಸುಗಳಲ್ಲಿ ಅವರದು ಎತ್ತಿದ ಕೈ. ರೈಲಿನ ಕೇಸು ಅವರ ಕೈಗೆ ಬಂದದ್ದು ಅದೇ ಮೊದಲು. "ಗಾಲಿ ಇದ್ದದ್ದೆಲ್ಲಾ ಗಾಡೀನ," ಎಂದು ಧೈರ್ಯ ಹೇಳಿ, ಟ್ರ್ಯಾಕ್ಟರಿನ ಕೇಸು ಬರೆದಂತೆಯೇ ಬರೆದು ಬಾದಾಮಿ ಕೋರ್ಟಿನಲ್ಲಿ ಹಾಕಿದರು. ರೈಲು ಬಿಟ್ಟವರ ನಿರ್ಲಕ್ಷ್ಯದಿಂದ ಹೀಗಾಯಿತು ಎಂಬುದು ನಮ್ಮ ವಾದ. ಚಲಿಸುವ ರೈಲನ್ನು ಹತ್ತಲು ಹೋಗಿ ಬಿದ್ದಳು, ತಪ್ಪು ಅವಳದೇ ಎಂಬುದು ಅವರ ವಾದ. ನಮ್ಮ ಕಡೆಯಿಂದ ಕಂಡವಳು ನಾನೊಬ್ಬಳೇ.

"ರೈಲು ಇನ್ನೂ ನಿಂತಿತ್ತು, ಅವರು ಹತ್ತೂಮುಂದ ಒಮ್ಮೆಲೆ ಎಳೀತು ಅಂತ ಹೇಳಿದ್ರ ಸಾಕು ತಂಗೀ," ಎಂದರು ವಕೀಲರು.

"ನಿಂತಿತ್ತೇನ್ರಿ?"

"ಅಲ್ಲಿ ಇದ್ದಾಕಿ ನೀ. ನನ್ನ ಕೇಳಿದ್ರ?"

ಹತ್ತು ಎಂದು ಕೂಗಿದವಳು ನಾನೆಂದು ವಕೀಲರಿಗೆ ಹೇಳಿರಲಿಲ್ಲ. ಅವ್ವನಿಗೆ ಹೇಳಿರಲಿಲ್ಲ. ದೊಡ್ಡವ್ವನ ಮುಂದಂತೂ ಆ ದಿನದ ಮಾತೇ ಎತ್ತುತ್ತಿರಲಿಲ್ಲ. ಅವಳು ಕೇಳಿಸಿಕೊಂಡಿದ್ದಳೋ ಇಲ್ಲವೋ ತಿಳಿಯದು. ಕೇಳಿಸಿಕೊಂಡಿದ್ದರೆ, ನನ್ನ ಮಾತು ನಂಬಿ ಕಾಲಿಟ್ಟಿದ್ದರೆ?

ನನ್ನ ಸಾಕ್ಷಿಯ ದಿನ ರೈಲ್ವೆಯ ವಕೀಲರು ಎದ್ದು ನಿಂತರು. ತೆಳ್ಳಗಿನವರು, ಬಹಳ ಮರ್ಯಾದಸ್ತರು. ಮಹಾಸ್ವಾಮಿ, ಈ ಹೆಣ್ಣುಮಗಳು ಪ್ರಯಾಣಿಕಳು, ಎಂದರು. ಪ್ರಯಾಣಿಕರು ರೈಲಿನಿಂದ ಬಿದ್ದರೆ ಅದರ ಪರಿಹಾರವನ್ನು ತೀರ್ಮಾನಿಸಲು ಬೆಂಗಳೂರಿನಲ್ಲಿ ಕೇಂದ್ರದ ನ್ಯಾಯಮಂಡಳಿಯೇ ಇದೆ, ಬೇರೆ ಯಾವ ಕೋರ್ಟೂ ಅದನ್ನು ಮುಟ್ಟುವಂತಿಲ್ಲ, ಎಂದರು. ನ್ಯಾಯಾಧೀಶರು ದಪ್ಪ ಪುಸ್ತಕ ತರಿಸಿ ಓದಿದರು. ನಮ್ಮ ವಕೀಲರೂ ಬಗ್ಗಿ ಓದಿದರು. ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು. ದಾವೆಯ ಕಾಗದವನ್ನು ನಮಗೇ ಮರಳಿಸಿ, ಸರಿಯಾದ ಕಡೆ ಹಾಕಿಕೊಳ್ಳಿ ಎಂದರು ನ್ಯಾಯಾಧೀಶರು. ಸಾಕ್ಷಿಯ ಹೆಸರು ಕೂಗಲೇ ಇಲ್ಲ. ಆಮೇಲಿನದು ಮೆಟ್ಟಿಲು, ನಗು, ಸೋಡಾ.

ಮರುದಿನ ಊಟದ ಬಿಡುವಿನಲ್ಲಿ ವಕೀಲರ ಫೋನ್ ಬಂತು. ದನಿ ಕುಣಿಯುತ್ತಿತ್ತು.

"ತಂಗೀ, ರಾತ್ರೆಲ್ಲಾ ಆ ಕಾಯ್ದೆ ಓದೀನಿ. ಸೋತಿಲ್ಲ ನಾವು, ಲಾಟರಿ ಹತ್ತೇತಿ! ಅಲ್ಲಿ ತಪ್ಪು ಯಾರದು ಅಂತ ಕೇಳಂಗೇ ಇಲ್ಲ!"

"ಅಂದ್ರ?"

"ಅಂದ್ರ ಎರಡ ಪ್ರಶ್ನೆ. ರೈಲಿನಿಂದ ಬಿದ್ದಾರೋ ಇಲ್ಲೋ? ಟಿಕೆಟ್ ಇತ್ತೋ ಇಲ್ಲೋ? ಬೇಕಂತ ಬಿದ್ದಿಲ್ಲಂದ್ರ ಮುಗೀತು. ರೈಲು ನಿಂತಿರಲಿ, ಓಡಿರಲಿ, ಹಾರಿರಲಿ!"

ನನ್ನ ಒಂದು ಕೈಯಲ್ಲಿ ರೊಟ್ಟಿ ಇತ್ತು. ಅದನ್ನು ಹಿಡಿದುಕೊಂಡೇ ಸ್ಟಾಫ್ ರೂಮಿನಿಂದ ಹೊರಗೆ ಬಂದು ಮೈದಾನದಲ್ಲಿ ಒಂದು ಸುತ್ತು ಹಾಕಿದೆ. ಬಾದಾಮಿಯಲ್ಲಿ ನನ್ನ ಕುತ್ತಿಗೆಗೆ ಬರುತ್ತಿದ್ದ ಪ್ರಶ್ನೆ ಬೆಂಗಳೂರಿನಲ್ಲಿ ಇಲ್ಲವೇ ಇಲ್ಲ! ಕೋರ್ಟು ಬದಲಾದ ಮಾತ್ರಕ್ಕೆ ಒಂದು ತಪ್ಪು ಆವಿಯಾಗಬಹುದೆಂದು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ನಂಬಿಕೆ ಮಾತ್ರ ಬರಲಿಲ್ಲ. ಮೈದಾನದ ಇನ್ನೊಂದು ತುದಿಗೆ ಬರುವಷ್ಟರಲ್ಲಿ, ಕೋರ್ಟು ಕೇಳದಿದ್ದರೇನು, ಕೂಗಿದ್ದಂತೂ ಕೂಗಿದ್ದೇನಲ್ಲ ಎಂಬುದು ಮತ್ತೆ ನೆನಪಾಯಿತು.

ಬೆಂಗಳೂರಿನಲ್ಲಿ ಕೇಸು ಹಾಕುವ ಗಡುವು ದಾಟಿತ್ತು. ತಪ್ಪು ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಕಾಲ ಕಳೆದೆವು, ಮನ್ನಿಸಬೇಕು ಎಂದು ವಕೀಲರು ಬರೆದುಕೊಂಡರು, ನ್ಯಾಯಮಂಡಳಿ ಮನ್ನಿಸಿತು. ಕೆಲವು ತಿಂಗಳಿಗೆ ರೈಲ್ವೆಯ ಉತ್ತರ ಬಂತು. ಅದನ್ನು ವಕೀಲರು ಗುಳೇದಗುಡ್ಡಕ್ಕೆ ಬಂದು ದೊಡ್ಡವ್ವನಿಗೆ ಓದಿ ಹೇಳಿದರು. ಈ ಹೆಣ್ಣುಮಗಳು ಪ್ರಯಾಣಿಕಳೇ ಅಲ್ಲ, ಘಟನೆಯ ಹೊತ್ತಿಗೆ ಅವಳ ಬಳಿ ಟಿಕೆಟ್ ಸಿಕ್ಕಿಲ್ಲ ಎಂದಿತ್ತು.

ದೊಡ್ಡವ್ವ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು. "ಬಾದಾಮ್ಯಾಗ ಪ್ರಯಾಣಿಕಳು ಅಂದಿದ್ರಲ್ಲ?"

"ಅವರ ಅಂದಿದ್ರು."

"ಈಗ ಅಲ್ಲಂತ?"

"ಈಗ ಅಲ್ಲಂತ."

"ಹಂಗಾರ ನಾ ಟೇಸನ್‌ದಾಗ ಉಳ್ಳಾಗಡ್ಡಿ ಮಾರಾಕ ಹೋಗಿದ್ನೇನ್ರಿ? ಏ, ಟಿಕೆಟ್ ಐತ್ರಿ! ಖಣದಾಗ ಇಟ್ಟೀನಿ!"

ವಕೀಲರು ನನ್ನ ಕಡೆ ನೋಡಿದರು. ನಾನು ದೊಡ್ಡವ್ವನ ಕಡೆ ನೋಡಿದೆ. ಅಷ್ಟು ದಿನ ಟಿಕೆಟ್ಟಿನ ಗೊಡವೆ ಯಾರಿಗೂ ಬಿದ್ದಿರಲಿಲ್ಲ. ಬಾದಾಮಿಯಲ್ಲಿ ಅವರೇ ಪ್ರಯಾಣಿಕಳು ಎಂದಿದ್ದರಿಂದ ಆ ಪ್ರಶ್ನೆ ಮುಗಿಯಿತು ಎಂದುಕೊಂಡಿದ್ದೆವು. ಆ ದಿನದ ಚೀಲ ದವಾಖಾನೆಯಿಂದ ಬಾಗಲಕೋಟೆಯ ನವನಗರಕ್ಕೆ, ನಮ್ಮ ಮನೆಗೆ ಹೋಗಿತ್ತು. ಅವ್ವನಿಗೆ ಫೋನ್ ಹಚ್ಚಿದೆ.

"ನೇರಳೆ ಖಣ? ಆನಿ ಇದ್ದದ್ದು?" ಎಂದಳು ಅವ್ವ. "ಅದನ್ನ ಕಮತಗಿ ಗೆಳತಿ ಬಂದಿದ್ಲಲ್ಲ, ಅಕಿ ಉಡ್ಯಾಗ ಹಾಕಿ ಕಳಿಸೀನಿ."

"ಯಾಕ ಬೇ!"

"ಮತ್ತೇನ ಮಾಡ್ಲಿ? ಐದು ಕಾಲ ಇದ್ದುವು."

ಇದನ್ನು ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉಡಿಯಲ್ಲಿ ಬಂದ ಖಣ ಮನಸ್ಸಿಗೆ ಬಂದರೆ ದರ್ಜಿಯ ಅಂಗಡಿಗೆ ಹೋಗುತ್ತದೆ, ಬರದಿದ್ದರೆ ಕಪಾಟಿಗೆ. ಕಪಾಟಿನಲ್ಲಿ ಅದು ಮುಂದಿನ ಅತಿಥಿಗೆ ಕಾಯುತ್ತದೆ. ಅವರ ಉಡಿಯಲ್ಲಿ ಅವರ ಊರಿಗೆ, ಅಲ್ಲಿನ ಕಪಾಟಿಗೆ, ಅಲ್ಲಿಂದ ಇನ್ನೊಬ್ಬರ ಉಡಿಗೆ. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಕೊಟ್ಟವರಿಗೆ ಅವರದೇ ಖಣ ತಿರುಗಿ ಹೋಗದಂತೆ ನೋಡಿಕೊಳ್ಳುವ ಲೆಕ್ಕ ಪ್ರತಿ ಮನೆಯ ಹಿರಿಯಳ ತಲೆಯಲ್ಲಿ ಇರುತ್ತದೆ. ನಮ್ಮ ಕೇಸಿನ ಏಕೈಕ ದಾಖಲೆ ಈ ದಾರಿ ಹಿಡಿದಿತ್ತು.

ಭಾನುವಾರ ನಾನೂ ದೊಡ್ಡವ್ವನೂ ಬಸ್ಸಿನಲ್ಲಿ ಕಮತಗಿಗೆ ಹೋದೆವು. ಅವ್ವನ ಗೆಳತಿ ಮಂಡಾಳ ಒಗ್ಗರಣೆ ಹಾಕಿ ಕೊಟ್ಟಳು, ಚಹಾ ಕೊಟ್ಟಳು. ಖಣದ ಮಾತು ತೆಗೆದೆವು.

"ಅಯ್ಯ, ಅದು! ಭಾಳ ಚಲೋ ಇತ್ರೀ ಅಕ್ಕಾರ. ಆವಾಗ್ಲೇ ಕುಬಸ ಹೊಲಿಸೀನಿ."

ನಾನು ಚಹಾದ ಲೋಟ ಕೆಳಗಿಟ್ಟೆ. ಹೊಲಿಸಿದ್ದರೆ ದರ್ಜಿ ಬಿಚ್ಚಿರುತ್ತಾನೆ, ಚೀಟಿ ಕಸಕ್ಕೆ ಹೋಗಿರುತ್ತದೆ. ದೊಡ್ಡವ್ವ ಮಾತ್ರ ಮಂಡಾಳ ಅಗಿಯುತ್ತಲೇ ಇದ್ದಳು.

"ಹೌದ? ತರ್ರಿ ನೋಡೂಣು, ಹೊಲಿಗಿ ಹೆಂಗ ಹಾಕ್ಯಾನ."

"ಒಗ್ಯಾಕ ಹಾಕೀನ್ರೀ."

"ಹಸೀದ ತರ್ರಿ."

"ಹಸೀದು… ಅಗಸರ ಕಡೆ…"

"ತಂಗೀ," ಎಂದಳು ದೊಡ್ಡವ್ವ. "ಆ ಖಣ ನೀ ಹೊಲಿಸಿದ್ದರ ನನ್ನ ಮಗ್ಗ ಹೋತು. ಯಾರಿಗರ ಕೊಟ್ಟಿದ್ದರ ನಿನ್ನ ಕೈಗೆ ಬಂಗಾರದ ಬಳಿ ಹಾಕಿದಷ್ಟು ಸಂತೋಷ ನನಗ. ಖರೆ ಹೇಳು."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಹುನಗುಂದದ ನಮ್ಮ ನಾದಿನಿಗೆ ಹಾಕೀನ್ರೀ. ನಿಮ್ಮ ತಂಗಿಗೆ ಹೇಳಬ್ಯಾಡ್ರೀ ಮತ್ತ."

ಹುನಗುಂದದ ನಾದಿನಿಗೆ ಇಷ್ಟು ಒತ್ತಾಯ ಬೇಕಾಗಲಿಲ್ಲ. ಬಾಗಿಲಲ್ಲೇ ಹೇಳಿದಳು: ಇಳಕಲ್ಲಿನಿಂದ ಲಗ್ನದ ಕರೆಯೋಲೆ ಕೊಡಲು ಬಂದಿದ್ದ ಮುದುಕಿಗೆ ಕೊಟ್ಟಾಗಿತ್ತು. ಹೇಳಿ ಮುಗಿಸಿ ಒಳಗೆ ಹೋಗಿ ಉಡಿಗೆ ಅಕ್ಕಿ ತಂದಳು. ಕಮತಗಿಯಲ್ಲೂ ಬಿಟ್ಟಿರಲಿಲ್ಲ. ಇಳಕಲ್ಲಿನ ಬಸ್ಸು ಹತ್ತುವಾಗ ನಮ್ಮ ಚೀಲದಲ್ಲಿ ನಾಲ್ಕು ಹೊಸ ಖಣ. ದೊಡ್ಡವ್ವ ಸೀಟಿನಲ್ಲಿ ಕೂತು ಒಂದೊಂದನ್ನೂ ಬಿಚ್ಚಿ ಜಾಡಿಸಿದಳು.

"ಯಾರರ ಕೇಸಿನ ಕಾಗದ ಇದ್ದೀತು," ಎಂದಳು. ನಾನು ನಕ್ಕು ನಕ್ಕು ಕಂಡಕ್ಟರಿಗೆ ಎಲ್ಲಿಗೆ ಎಂದು ಹೇಳಲಾಗದೆ ಎರಡು ಬೆರಳು ತೋರಿಸಿದೆ.

ಇಳಕಲ್ಲಿನ ಮುದುಕಿಯ ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. ಅವಳ ಮಗ ಸೀರೆ ನೇಯುತ್ತಿದ್ದ. ನಮ್ಮ ಕಥೆಯನ್ನು ಮುದುಕಿ ಪೂರ್ತಿ ಕೇಳಿದಳು, ಸೆರಗು ಹಿಡಿದು ಎಳೆದೆ ಎಂಬಲ್ಲಿ ಕೈ ಎತ್ತಿ ನಿಲ್ಲಿಸಿದಳು.

"ಸೆರಗು ಹರೀಲಿಲ್ಲೇನ?"

"ಇಲ್ಲ ಬೇ ಆಯಿ," ಎಂದಳು ದೊಡ್ಡವ್ವ.

"ಸೆರಗು ಒಡಲಿಗೆ ಕೂಡೂ ಜಾಗಾ?"

"ಒಂದು ಎಳೀನೂ ಬಿಡಲಿಲ್ಲ."

ಮುದುಕಿ ಮಗನ ಕಡೆ ತಿರುಗಿದಳು. "ಕೇಳಿದೇನೋ? ರೈಲು ಜಗ್ಗಿದ್ರೂ ಬಿಟ್ಟಿಲ್ಲ!" ನಮ್ಮೂರಿನಲ್ಲಿ ಸೆರಗಿನ ಎಳೆಯನ್ನೂ ಒಡಲಿನ, ಅಂದರೆ ಸೀರೆಯ ಮೈಯ, ಎಳೆಯನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತೇವೆ ಎಂದು ಇಬ್ಬರೂ ಸೇರಿ ನನಗೆ ಪಾಠ ಮಾಡಿದರು. ಮಗ ಮಗ್ಗ ನಿಲ್ಲಿಸಿ ತೋರಿಸಿದ. ದೊಡ್ಡವ್ವನೂ ಕುಂಟುತ್ತ ಹೋಗಿ ಬಗ್ಗಿ ನೋಡಿ ಮೆಚ್ಚಿದಳು. ದೊಡ್ಡವ್ವನನ್ನು ಎಳೆದವಳ ಮಾತು ಯಾರೂ ಆಡಲಿಲ್ಲ. ಅದೂ ನನಗೆ ಹಾಯೆನಿಸಿತು.

ಆಮೇಲೆ ಮುದುಕಿ ಕಬ್ಬಿಣದ ಟ್ರಂಕು ತೆಗೆದಳು. ಖಣಗಳ ರಾಶಿ. ಮೇಲಿನಿಂದ ಆರನೆಯದೋ ಏಳನೆಯದೋ ನೇರಳೆ ಬಣ್ಣದ್ದು. ದೊಡ್ಡವ್ವ ಕಾಲು ಎಣಿಸಲೂ ಇಲ್ಲ. ಮಡಿಕೆಗೆ ಬೆರಳು ಹಾಕಿ ಎಳೆದಳು. ಬಾದಾಮಿಯಿಂದ ಬಾಗಲಕೋಟೆ, ದೊಡ್ಡವರು ಇಬ್ಬರು. ಆ ದಿನದ ತಾರೀಖು. ಅಕ್ಷರ ಎಲ್ಲವೂ ಓದಲು ಬರುತ್ತಿತ್ತು, ಬೆಳಕನ್ನೇ ಕಂಡಿರಲಿಲ್ಲವಲ್ಲ ಚೀಟಿ. ನಾಲ್ಕು ಮನೆಗಳಲ್ಲಿ ಒಬ್ಬರೂ ಆ ಖಣ ಬಿಚ್ಚಿ ನೋಡಿರಲಿಲ್ಲ. ಚಂದದ ಖಣವಾಗಿದ್ದರೆ ದೊಡ್ಡವ್ವ ಕೇಸು ಸೋಲುತ್ತಿದ್ದಳು.

ಹೊರಡಲು ಎದ್ದೆವು. ಮುದುಕಿ ಖಣವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇದ್ದಳು.

"ಹಂಗ ಕೈಗೆ ಕೊಡಾಕ ಬರಾಂಗಿಲ್ಲವಾ. ಕುಂದರು."

ಅಕ್ಕಿ, ಕೊಬ್ಬರಿ, ಎಲೆ ಅಡಿಕೆಯ ಜೊತೆಗೆ ಐದು ಕಾಲಿನ ಆನೆಗಳನ್ನು ಶಾಸ್ತ್ರೋಕ್ತವಾಗಿ ದೊಡ್ಡವ್ವನ ಉಡಿಗೆ ತುಂಬಿದಳು. ದೊಡ್ಡವ್ವ ಸೆರಗೊಡ್ಡಿ, ತಲೆಬಾಗಿ, ಮೊದಲ ಸಲ ನೋಡಿದವಳಂತೆ ತೆಗೆದುಕೊಂಡಳು.

ಬೆಂಗಳೂರಿಗೆ ರೈಲಿನಲ್ಲೇ ಹೋದೆವು. ದೊಡ್ಡವ್ವ ಊರುಗೋಲನ್ನು ಮೊದಲು ಒಳಗೆ ಎಸೆದು, ಅದರ ಹಿಂದೆ ಆರಾಮವಾಗಿ ಹತ್ತಿ ಕೂತಳು. ನಾನು ಗಾಡಿ ಬಂದು ನಿಂತ ಕ್ಷಣದಿಂದ ಒಂದೂ ಮಾತಾಡಲಿಲ್ಲ, ಯಾರಿಗೂ ಏನೂ ಕೂಗಲಿಲ್ಲ.

ನ್ಯಾಯಮಂಡಳಿಯಲ್ಲಿ ಕಟಕಟೆ ಇರಲಿಲ್ಲ, ಒಂದು ಮೇಜಿನ ಪಕ್ಕ ನಿಂತು ಹೇಳಬೇಕಾಗಿತ್ತು. ತೀರ್ಪು ಕೊಡುವ ಸದಸ್ಯರು ಕನ್ನಡ ಬಲ್ಲವರು, ಮೈಸೂರಿನ ಕಡೆಯ ಮಾತು. ಟಿಕೆಟ್ ಕೊಂಡದ್ದು ನಾನೇ ಎಂದೆ. ರೈಲ್ವೆಯ ಪರವಾಗಿ ಇಲ್ಲಿ ಬೇರೆ ವಕೀಲರಿದ್ದರು. ಇಷ್ಟು ದಿನ ಇಲ್ಲದ ಟಿಕೆಟ್ ಈಗ ಎಲ್ಲಿಂದ ಬಂತು ಎಂದು ಕೇಳಿದರು. ಹೇಳಿದೆ. ಬಾಗಲಕೋಟೆ, ಕಮತಗಿ, ಹುನಗುಂದ, ಇಳಕಲ್. ಟೈಪಿಸ್ಟ್ ಎರಡು ಸಲ ಕೈ ತಡೆದು ತಲೆ ಎತ್ತಿ ನೋಡಿದರು.

"ಇಷ್ಟು ಮನೆಗಳಲ್ಲಿ ಯಾರೂ ಆ ಬಟ್ಟೆಯನ್ನು ಬಿಚ್ಚಲೇ ಇಲ್ಲವೇ?" ಎಂದರು ರೈಲ್ವೆಯ ವಕೀಲರು.

"ಹೊಲಿಸುವ ಮನಸ್ಸಿದ್ದರೆ ತಾನೆ ಸರ್ ಬಿಚ್ಚುವುದು?"

ಸದಸ್ಯರು ಖಣ ತೋರಿಸಿ ಎಂದರು. ನಮ್ಮ ವಕೀಲರು ಮೇಜಿನ ಮೇಲೆ ಹರಡಿದರು. ಸದಸ್ಯರು ಬಗ್ಗಿ, ಬೆರಳಿಟ್ಟು, ತುಟಿ ಅಲುಗಿಸುತ್ತ ಎಣಿಸುವುದನ್ನು ನಾನು ಕಣ್ಣಾರೆ ಕಂಡೆ. ಹೊಟ್ಟೆಯಲ್ಲಿ ನಗು ಗುಳುಗುಳು ಏಳತೊಡಗಿತು. ಅದೇ ಹೊತ್ತಿಗೆ ರೈಲ್ವೆ ವಕೀಲರು ಕೇಳಿದರು: "ಇವರು ಹತ್ತುವಾಗ ರೈಲು ಚಲಿಸುತ್ತಿತ್ತು, ಅಲ್ಲವೇ?"

ಆ ಪ್ರಶ್ನೆ ಇಲ್ಲಿ ಇರುವುದಿಲ್ಲ ಎಂದಿದ್ದರು. ಇತ್ತು. ನಗು ಹೋಗಲಿಲ್ಲ, ಅಲ್ಲೇ ನಿಂತಿತು. ನಮ್ಮ ವಕೀಲರು ತಮ್ಮ ಕಾಗದಗಳನ್ನು ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ದೊಡ್ಡವ್ವ ಕೂತಿದ್ದಳು.

"ಚಲಿಸುತ್ತಿತ್ತು ಸರ್," ಎಂದೆ. "ಹತ್ತು, ಲಗೂನ ಹತ್ತು ಅಂತ ಕೂಗಿದವಳು ನಾನೇ. ಬಿಡು ಅನ್ನಬೇಕಿತ್ತು. ನಾನು ಹಾಗೆ ಕೂಗದಿದ್ದರೆ ಅವರು ಕಾಲು ಇಡುತ್ತಿರಲಿಲ್ಲ."

ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಹೊರಗೆ ಬಿದ್ದಿತ್ತು. ಸದಸ್ಯರು ಆನೆಗಳಿಂದ ಕಣ್ಣು ಎತ್ತಿದರು.

"ಹತ್ತುವಾಗ ಜಾರಿ ಬಿದ್ದರು. ಅಷ್ಟೇ ತಾನೆ?"

"ಹೌದು ಸರ್, ಆದರೆ ನಾನು…"

"ಬೇಕೆಂದು ಬೀಳಲಿಲ್ಲವಲ್ಲ? ಆತುರ ಮಾಡಿದ್ದಕ್ಕೆ ಪರಿಹಾರ ತಪ್ಪುವುದಿಲ್ಲಮ್ಮ. ಟಿಕೆಟ್ಟಿನ ನಂಬರು ಓದಿ."

ನಂಬರು ಓದಿದೆ. ನನ್ನ ದೊಡ್ಡ ತಪ್ಪೊಪ್ಪಿಗೆ ಆ ಕೋಣೆಯಲ್ಲಿ ರೈಲಿನ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಲಿಲ್ಲ. ನಗು ಬಿಕ್ಕಳಿಕೆಯಾಗಿ ಹೊರಬಂತು. ಟೈಪಿಸ್ಟ್ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದರು.

ಹೊರಗಿನ ಪಡಸಾಲೆಯ ಬೆಂಚಿನಲ್ಲಿ ದೊಡ್ಡವ್ವನ ಪಕ್ಕ ಕೂತೆ. ಅವಳು ಖಣ ಮಡಚುತ್ತಿದ್ದಳು.

"ಕೇಳಿದೇನ ದೊಡ್ಡವ್ವಾ?"

"ಏನ?"

"ನಾ ಹೇಳಿದ್ದು. ಹತ್ತು ಅಂತ ಒದರಿದಾಕಿ ನಾನ. ನನ್ನ ಮಾತು ಕೇಳಿ ನೀ…"

ದೊಡ್ಡವ್ವ ಮಡಚುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ ನನಗೆ ಬಿಕ್ಕಳಿಕೆ ನಿಂತಿತು.

"ನಿನ್ನ ಮಾತು?" ಎಂದಳು. "ಹುಟ್ಟಿದಾಗಿಂದ ನಿನ್ನ ಮಾತು ನಾ ಯಾವಾಗ ಕೇಳೀನಿ?"

"ಆವತ್ತು…"

"ಆವತ್ತು ಆ ಡಬ್ಬ್ಯಾಗ ಕಿಟಕಿ ಕಡೆ ಒಂದು ಸೀಟ್ ಖಾಲಿ ಇತ್ತು. ಹೊರಗಿಂದ ಒಬ್ಬಾವ ಅದರ ಮ್ಯಾಲೆ ಟವೆಲ್ ಒಗೀಲಿಕ್ಕೆ ಕೈ ಎತ್ತಿದ್ದ. ಅಂವಗಿಂತ ಮೊದಲ ಕೂಡ್ರಬೇಕಂತ ಹತ್ತಿದ್ನಿ ನಾ. ನೀ ಹಿಂದ ಏನ ಒದರಿದ್ಯೋ ನನಗೇನ ಗೊತ್ತು? ಇಳಿ ಅಂದಿದ್ರೂ ಹತ್ತತಿದ್ನಿ." ಮತ್ತೆ ಮಡಚತೊಡಗಿದಳು. "ಇದನ್ನ ಇಷ್ಟು ದಿನ ಹೊತ್ತಗೊಂಡು ತಿರಗಾಡೀ? ಹುಚ್ಚಿ. ಅದಕ್ಕ ಸೊರಗೀ ನೀ."

ನಕ್ಕೆ. ಅವಳೂ ನಕ್ಕಳು. ಆಮೇಲೆ ಯಾರು ಮೊದಲು ಅಳತೊಡಗಿದೆವೋ ತಿಳಿಯದು. ನಮ್ಮ ವಕೀಲರು ಹೊರಗೆ ಬಂದು, ಮತ್ತೆ ಸೋಡಾ ಹುಡುಕಲು ಹೋದರು.

ಆ ಮೂರು ಸೆಕೆಂಡು ಈಗಲೂ ಬರುತ್ತವೆ, ಪಾತ್ರೆ ತೊಳೆಯುವಾಗ, ಹಾಜರಿ ಕೂಗುವಾಗ. ಸರಳಿನ ಮೇಲಿನ ಕೈ, ಜಾರುವ ಕಾಲು, ನನ್ನ ದನಿ. ಆದರೆ ಈಗ ಅದರಲ್ಲಿ ಒಬ್ಬ ಗಂಡಸು ಟವೆಲ್ ಹಿಡಿದು ನಿಂತಿರುತ್ತಾನೆ. ದೊಡ್ಡವ್ವ ಅವನನ್ನು ದುರುಗುಟ್ಟಿ ನೋಡುತ್ತಿರುತ್ತಾಳೆ. ಭಯ ಬಂದ ಹಿಂದೆಯೇ ನಗು ಬರುತ್ತದೆ.

ಕೆಲವು ವಾರಕ್ಕೆ ಆದೇಶ ಬಂತು. ದೊಡ್ಡವ್ವ ಪ್ರಯಾಣಿಕಳು, ಇನ್ನು ಅದನ್ನು ಯಾರೂ ಅಲ್ಲವೆನ್ನುವಂತಿಲ್ಲ ಎಂದು ವಕೀಲರು ಫೋ‌ನಿನಲ್ಲಿ ಹಾಡುವ ದನಿಯಲ್ಲಿ ಹೇಳಿದರು. ಪರಿಹಾರ ಕೈಗೆ ಬಂದ ಮೇಲೆ ಗುಳೇದಗುಡ್ಡದ ಮನೆಯ ಮಗ್ಗಕ್ಕೆ ಮೋಟರು ಕೂಡಿಸಿದರು. ಆ ದಿನ ನಾನು ಸಾಲೆಗೆ ರಜೆ ಹಾಕಿ ಹೋಗಿದ್ದೆ. ದೊಡ್ಡವ್ವ ಕುಣಿಯಲ್ಲಿ ಇಳಿದು ಕೂತಳು, ಗುಂಡಿ ಒತ್ತಿದಳು. ಮಗ್ಗ ತಾನಾಗಿ ಎಳೆ ಎತ್ತಿತು, ಇಳಿಸಿತು. ಅವಳು ಲಾಳಿ ಬಿಟ್ಟಳು. ಒಂದು ಸಾಲು, ಎರಡು ಸಾಲು. ನಾನು ಬಗ್ಗಿ ಕುಣಿಯೊಳಗೆ ನೋಡಿದೆ. ಅವಳ ಎಡಗಾಲು, ಎರಡು ಬೆರಳು ಉಳಿದದ್ದು, ಖಾಲಿ ಜಾಗದಲ್ಲಿ ಹಲಗೆ ಇದ್ದಂತೆಯೇ ತುಳಿಯುತ್ತಿತ್ತು, ತಾಳ ತಪ್ಪದೆ.

"ದೊಡ್ಡವ್ವಾ, ಕಾಲು ಯಾಕ ತುಳಿಯಾಕತ್ತೀ? ಮೋಟರ್ ಐತಲ್ಲ."

ಅವಳು ಕೆಳಗೆ ನೋಡಿ, ಕಾಲು ಕಂಡು, ನಗುತ್ತ ಗುಂಡಿ ಒತ್ತಿ ಮಗ್ಗ ನಿಲ್ಲಿಸಿದಳು. ಕಾಲು ಇನ್ನೆರಡು ಸಲ ತುಳಿದು ನಿಂತಿತು.

"ಆರ್ಡರ್ ಇನ್ನೂ ಅದಕ್ಕ ಮುಟ್ಟಿಲ್ಲ," ಎಂದಳು. "ಬೆಂಗಳೂರಿನಿಂದ ಬರಬೇಕಲ್ಲ."